ಕೆರೆಯಂಗಳದ ಜಾಲಿ, ತಲಪರಿಗೆಯ ತೇವ ಮತ್ತು ಇಂಗಾಲದ ಲೆಕ್ಕ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದರೆ ಮೊದಲು ನೆನಪಾಗುವುದು ಬರ, ಆಮೇಲೆ ಫ್ಲೋರೈಡ್ ನೀರು, ಆಮೇಲೆ ಪಾತಾಳಕ್ಕಿಳಿದ ಕೊಳವೆಬಾವಿ. ವರ್ಷಕ್ಕೆ ಸುಮಾರು 500ರಿಂದ 700 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ಮರಗಳಿರುವ ಜೌಗು ನೆಲವನ್ನು ಹುಡುಕುತ್ತೇನೆ ಎಂದರೆ ಸಹ್ಯಾದ್ರಿಯ ರಾಮಪತ್ರೆ ಜಡ್ಡಿಗೆ ಹೋಗಿ ಎಂದು ದಾರಿ ತೋರಿಸುವವರೇ ಹೆಚ್ಚು. ಆದರೆ ಮುಂಗಾರು ಕೈಹಿಡಿದ ವರ್ಷ ಈ ತಾಲ್ಲೂಕುಗಳ ಯಾವುದಾದರೂ ಕೆರೆ ಏರಿಯ ಮೇಲೆ ನಿಂತು ನೋಡಿ. ಅಂಗಳದ ತುಂಬ ಕರಿಜಾಲಿ ಮರಗಳು ಸೊಂಟದ ಮಟ್ಟದ ನೀರಿನಲ್ಲಿ ನಿಂತಿರುತ್ತವೆ. ಅಂಚಿನಲ್ಲಿ ಹೊಂಗೆ, ನೇರಳೆ, ಬಳ್ಳಾರಿ ಜಾಲಿ. ನೀರು ತೆಳುವಾದ ಕಡೆ ಜೊಂಡು, ಆಪು. ಮನುಷ್ಯರು ಕಟ್ಟಿದ ಕೆರೆ, ಮನುಷ್ಯರು ನೆಟ್ಟ ಮರ, ವರ್ಷದಲ್ಲಿ ಕೆಲವು ತಿಂಗಳು ನಿಲ್ಲುವ ನೀರು. ನಿರ್ವಹಣೆಗೆ ಒಳಪಟ್ಟ ಅರಣ್ಯ ಜೌಗು ಪ್ರದೇಶ ಎಂದು ವಿಜ್ಞಾನಿಗಳು ಕರೆಯುವುದರ ಬಯಲುಸೀಮೆಯ ರೂಪ ಇದು.

ಈ ನೆಲ ಗಾಳಿಯಿಂದ ಎಷ್ಟು ಇಂಗಾಲವನ್ನು ಹಿಡಿದಿಡುತ್ತದೆ, ಎಷ್ಟನ್ನು ಹಸಿರುಮನೆ ಅನಿಲವಾಗಿ ಮರಳಿಸುತ್ತದೆ? ಹವಾಮಾನದ ಚರ್ಚೆಯಲ್ಲಿ ನಾವು ಮರ ಎಣಿಸುತ್ತೇವೆ, ಸಸಿ ಎಣಿಸುತ್ತೇವೆ. ಕೆರೆಯಂಗಳದಲ್ಲಿ ಆ ಎಣಿಕೆ ಅರ್ಧ ಲೆಕ್ಕ. ಅಲ್ಲಿ ಉತ್ತರವನ್ನು ಹೆಚ್ಚಾಗಿ ತೀರ್ಮಾನಿಸುವುದು ನೀರು ಎಷ್ಟು ದಿನ ನಿಂತಿತು, ಎಷ್ಟು ಆಳಕ್ಕೆ ಇಳಿಯಿತು ಎಂಬ ಸಂಗತಿ. ಅದನ್ನು ಬರೆದಿಡುವ ಪದ್ಧತಿ ನಮ್ಮ ಊರುಗಳಲ್ಲಿ ಇಲ್ಲವಾಗಿರುವುದೇ ಈ ಪ್ರಶ್ನೆಯ ದೊಡ್ಡ ತೊಡಕು ಎಂದು ನಾನು ಭಾವಿಸುತ್ತೇನೆ.

ಕೆರೆಯಂಗಳಕ್ಕೆ ಜಾಲಿ ಈ ಪ್ರಮಾಣದಲ್ಲಿ ಬಂದದ್ದಕ್ಕೆ ಚರಿತ್ರೆಯಿದೆ. 1980ರ ದಶಕದಲ್ಲಿ ವಿಶ್ವಬ್ಯಾಂಕ್ ಮತ್ತು ಬ್ರಿಟನ್ನಿನ ನೆರವಿನಿಂದ ನಡೆದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ರೈತರ ಹೊಲಕ್ಕೆ ನೀಲಗಿರಿ ಹೋಯಿತು, ಕೆರೆಯಂಗಳಕ್ಕೆ ಕರಿಜಾಲಿ ಬಂತು. ಕರಿಜಾಲಿ ಹೊಸ ಮರವೇನಲ್ಲ. ನೇಗಿಲು, ಗಾಡಿಯ ಕೀಲುಗಳಿಗೆ ಅದರ ಮರ, ಕುರಿಮೇಕೆಗೆ ಅದರ ಕಾಯಿ, ತೊಗಲು ಹದಮಾಡಲು ಅದರ ತೊಗಟೆ, ಇವು ಹಳೆಯ ಬಳಕೆಗಳು. ಬೇರು ತಿಂಗಳುಗಟ್ಟಲೆ ನೀರಿನಲ್ಲಿದ್ದರೂ ಸಾಯದೆ, ಆಮೇಲೆ ಬೇಸಗೆಯ ಒಣಹವೆಯನ್ನೂ ತಡೆದುಕೊಳ್ಳುವ ಮರಗಳು ಕಡಿಮೆ. ಕರಿಜಾಲಿ ಅವುಗಳಲ್ಲಿ ಒಂದು. ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿಯುವ ಜಾತಿಯಾದ್ದರಿಂದ ಇದರ ಎಲೆಯಲ್ಲಿ ಸಾರಜನಕ ಹೆಚ್ಚು. ಈ ಕೊನೆಯ ಗುಣ ಅನಿಲದ ಲೆಕ್ಕದಲ್ಲಿ ಮತ್ತೆ ಎದುರಾಗುತ್ತದೆ.

ಕೆರೆಗಿಂತ ಸೂಕ್ಷ್ಮವಾದ ಇನ್ನೊಂದು ತೇವದ ನೆಲ ಈ ನಾಲ್ಕು ತಾಲ್ಲೂಕುಗಳ ವಿಶೇಷ. ಅದು ತಲಪರಿಗೆ. ಮರಳು ಪದರದ ನೆಲದಲ್ಲಿ ಕೆಲವೇ ಅಡಿ ಅಗೆದರೆ ಜಿನುಗುವ ಒರತೆಯನ್ನು ಕಲ್ಲು ಕಟ್ಟಿ, ಕಾಲುವೆ ತೋಡಿ, ತಾನಾಗಿ ಹರಿದು ಗದ್ದೆ ಸೇರುವಂತೆ ಮಾಡಿದ ವ್ಯವಸ್ಥೆ. ಕೆರೆಯಂಗಳದಲ್ಲಿ, ಹೊಳೆದಂಡೆಯ ತಗ್ಗಿನಲ್ಲಿ ಇವು ಹೆಚ್ಚು. ಕೆರೆ ಬತ್ತಿದ ಮೇಲೂ ತಲಪರಿಗೆ ಹರಿಯುತ್ತಿತ್ತು. ಸರದಿಯಂತೆ ನೀರು ಹಾಯಿಸುವುದು ನೀರುಗಂಟಿಯ ಕೆಲಸ, ವರ್ಷಕ್ಕೊಮ್ಮೆ ಹೂಳು ತೆಗೆಯುವುದು ಅಚ್ಚುಕಟ್ಟಿನ ರೈತರೆಲ್ಲರ ಕೆಲಸ. ಹತ್ತೊಂಬತ್ತನೇ ಶತಮಾನದಲ್ಲಿ ಬಿ.ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರ್ ಕೊರಟಗೆರೆಯಿಂದ ಹಿರಿಯೂರು, ಮೊಳಕಾಲ್ಮೂರಿಗೆ ಗೆರೆ ಎಳೆದರೆ ಅದರ ಪೂರ್ವದ ಸೀಮೆಯೆಲ್ಲ ತಲಪರಿಗೆಯ ನಾಡು ಎಂದು ಗುರುತಿಸುತ್ತದೆ. ದಕ್ಷಿಣದ ಭಾಗದಲ್ಲಿ ನೀರು ಮೇಲೇ ಸಿಗುತ್ತದೆ, ಪಾವಗಡದಲ್ಲಿ ಮೆದುಕಲ್ಲಿನ ಪದರ ಕಡಿಯಬೇಕು ಎಂಬ ವಿವರವೂ ಅಲ್ಲಿದೆ. ನಮ್ಮ ಕಾಲದಲ್ಲಿ ತುಮಕೂರಿನ ಮಲ್ಲಿಕಾರ್ಜುನ ಹೊಸಪಾಳ್ಯ ಅವರು ಊರೂರು ಸುತ್ತಿ ಅಳಿದುಳಿದ ತಲಪರಿಗೆಗಳನ್ನು ದಾಖಲಿಸಿದ್ದಾರೆ. ಒರತೆಯ ಸುತ್ತ ಮರ ಬೆಳೆದು, ನೆಲ ಸದಾ ತೇವವಾಗಿರುವ ಈ ಜಾಗಗಳು ವಿಸ್ತೀರ್ಣದಲ್ಲಿ ಚಿಕ್ಕವು. ಆದರೆ ಇಂಗಾಲದ ದೃಷ್ಟಿಯಿಂದ ಇವುಗಳ ಸ್ವಭಾವವೇ ಬೇರೆ: ಕೆರೆಯ ನೆಲ ಒಮ್ಮೆ ಮುಳುಗಿ ಒಮ್ಮೆ ಒಣಗುತ್ತದೆ, ತಲಪರಿಗೆಯ ನೆಲ ಒಂದೇ ಹದದಲ್ಲಿರುತ್ತದೆ.

ಈ ವ್ಯತ್ಯಾಸ ಯಾಕೆ ಮುಖ್ಯ ಎಂದು ತಿಳಿಯಲು ನೀರಿಳಿದ ಕೆರೆಯ ಮಣ್ಣನ್ನು ಒಂದು ಗುದ್ದಲಿಯಷ್ಟು ಆಳಕ್ಕೆ ಬಗೆದು ನೋಡಬೇಕು. ಮೇಲೆ ಬಿರುಕು ಬಿಟ್ಟ ಹೆಂಟೆ, ಅದರ ಅಂಚಿನಲ್ಲಿ ತುಕ್ಕಿನ ಬಣ್ಣದ ಗೆರೆಗಳು. ಕೆಳಗೆ ಇಳಿದಂತೆ ಕೆಂಪು ಮಾಯವಾಗಿ ಬೂದು, ಇನ್ನೂ ಕೆಳಗೆ ನೀಲಿ ಛಾಯೆಯ ಅಂಟು ಮಣ್ಣು, ಮೂಗಿಗೆ ಬಡಿಯುವ ಕೊಳೆತ ವಾಸನೆ. ಕೆಂಪಿದ್ದ ಕಡೆ ಆಮ್ಲಜನಕ ತಲುಪಿದೆ, ಬೂದಿದ್ದ ಕಡೆ ತಲುಪಿಲ್ಲ. ಆಮ್ಲಜನಕ ಇರುವಲ್ಲಿ ಎಲೆ, ಬೇರು ಬೇಗ ಕೊಳೆತು ಇಂಗಾಲದ ಡೈಆಕ್ಸೈಡ್ ಆಗುತ್ತವೆ. ಇಲ್ಲದಲ್ಲಿ ಕೊಳೆಯುವಿಕೆ ನಿಧಾನ. ಇಂಗಾಲ ನೆಲದಲ್ಲೇ ಉಳಿಯುತ್ತದೆ, ಆದರೆ ಕೊಳೆತಷ್ಟರಲ್ಲಿ ಒಂದು ಪಾಲು ಮೀಥೇನ್ ಆಗಿ ಹೊರಬರುತ್ತದೆ. ಮೀಥೇನ್ ವಾತಾವರಣದಲ್ಲಿ ಉಳಿಯುವುದು ಸುಮಾರು 12 ವರ್ಷವಾದರೂ, ನೂರು ವರ್ಷದ ಲೆಕ್ಕದಲ್ಲಿ ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು, ಇಪ್ಪತ್ತು ವರ್ಷದ ಲೆಕ್ಕದಲ್ಲಿ ಸುಮಾರು 80 ಪಟ್ಟು ಶಾಖ ಹಿಡಿಯುತ್ತದೆ.

ಇಲ್ಲಿ ನಮ್ಮ ಕೆಂಪು ಮಣ್ಣಿಗೆ ವಿಶೇಷ ಪಾತ್ರವಿದೆ. ನೀರು ನಿಂತ ಕೂಡಲೇ ಮೀಥೇನ್ ಹುಟ್ಟುವುದಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಮೊದಲು ಉಳಿದ ಆಮ್ಲಜನಕವನ್ನು, ಆಮೇಲೆ ನೈಟ್ರೇಟನ್ನು, ಮ್ಯಾಂಗನೀಸನ್ನು, ಕಬ್ಬಿಣದ ಆಕ್ಸೈಡನ್ನು, ಸಲ್ಫೇಟನ್ನು ಬಳಸಿ ಮುಗಿಸುತ್ತವೆ. ಮೀಥೇನ್ ಮಾಡುವ ಜೀವಿಗಳ ಸರದಿ ಬರುವುದು ಕೊನೆಗೆ. ಬೆಟ್ಟಗುಡ್ಡಗಳಿಂದ ಕೊಚ್ಚಿ ಬರುವ ಕೆಂಪು ಮಣ್ಣು ಕೆರೆಗೆ ಕಬ್ಬಿಣವನ್ನು ಹೊತ್ತು ತರುತ್ತದೆ. ಕೆರೆ ಬತ್ತಿದಾಗ ಆ ಕಬ್ಬಿಣ ಮತ್ತೆ ತುಕ್ಕು ಹಿಡಿದು ಮುಂದಿನ ಮಳೆಗಾಲಕ್ಕೆ ಸಜ್ಜಾಗುತ್ತದೆ. ಹಾಗಾಗಿ ವರ್ಷವರ್ಷ ಬತ್ತುವ ಕೆರೆಯಲ್ಲಿ ಮೀಥೇನ್ ಶುರುವಾಗುವುದು ತಡ. ಸದಾ ತುಂಬಿರುವ ಕೆರೆಯಲ್ಲಿ ಈ ತಡೆ ಒಮ್ಮೆ ಖರ್ಚಾದರೆ ಮತ್ತೆ ತುಂಬುವುದು ಕಷ್ಟ.

ಈ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕೂಡಿಸಿ ಕಳೆಯುವ ಗಣಿತ ಮಾದರಿಗಳು ಮೂರು ದಶಕಗಳಿಂದ ಬೆಳೆದಿವೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದ ಚಾಂಗ್‌ಶೆಂಗ್ ಲಿ 1992ರಲ್ಲಿ ಪ್ರಕಟಿಸಿದ ಡಿಎನ್‌ಡಿಸಿ ಮಾದರಿ ಹೊಲದ ಮಣ್ಣಿನಿಂದ ಹೊರಡುವ ನೈಟ್ರಸ್ ಆಕ್ಸೈಡನ್ನು ಲೆಕ್ಕ ಹಾಕಲು ಹುಟ್ಟಿದ್ದು. ಅದರ ಮುಂದಿನ ರೂಪಗಳಲ್ಲಿ ಮಣ್ಣಿನ ಆಮ್ಲಜನಕವಿಲ್ಲದ ಭಾಗವನ್ನು ಹಿಗ್ಗುವ, ಕುಗ್ಗುವ ಒಂದು ಬಲೂನ್ ಎಂದು ಊಹಿಸಲಾಗಿದೆ. ಮಳೆ ಬಿದ್ದು ಮಣ್ಣಿನ ರಂಧ್ರಗಳು ನೀರಿನಿಂದ ತುಂಬಿದಾಗ ಬಲೂನ್ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಯಾವ ಅನಿಲ ಎಷ್ಟು ಎಂಬುದು ಅದರ ಗಾತ್ರದ ಮೇಲೆ ನಿಂತಿದೆ. 2002ರಲ್ಲಿ ಲಿ ಅವರೂ ಅಮೆರಿಕದ ಅರಣ್ಯ ಸೇವೆಯ ಕಾರ್ಲ್ ಟ್ರೆಟಿನ್ ಮೊದಲಾದವರೂ ಸೇರಿ ಇದನ್ನು ಜೌಗಿನ ಕಾಡಿಗೆ ಹೊಂದಿಸಿದರು. ಅವರು ಸೇರಿಸಿದ ಮುಖ್ಯ ಸಂಗತಿ ನೆಲದೊಳಗಿನ ನೀರಿನ ಮಟ್ಟದ ದಿನದಿನದ ಏರಿಳಿತ. ಅಮೆರಿಕದ ಆಗ್ನೇಯ ಕರಾವಳಿಯ ಪೈನ್ ನೆಡುತೋಪುಗಳಲ್ಲಿ ಚರಂಡಿ ತೋಡಿ ನೀರಿಳಿಸಿದರೆ, ಮರ ಕಡಿದರೆ ಅನಿಲ ಹೇಗೆ ಬದಲಾಗುತ್ತದೆ ಎಂಬ ಪ್ರಶ್ನೆಗೆ ಇಂಥ ಮಾದರಿಗಳನ್ನು ಬಳಸಿದ್ದಾರೆ. ಮರ ಕಡಿದರೆ ನೀರು ಹೀರುವವರಿಲ್ಲದೆ ನೀರಿನ ಮಟ್ಟ ಮೇಲೇರುತ್ತದೆ, ಅದರ ಹಿಂದೆಯೇ ಮೀಥೇನ್ ಏರಬಹುದು ಎಂಬುದು ಆ ಕೆಲಸದಿಂದ ಸ್ಪಷ್ಟವಾದ ಒಂದು ತಿಳಿವಳಿಕೆ.

ಆ ಮಾದರಿಯನ್ನು ಹಾಗೇ ತಂದು ಮಧುಗಿರಿಯ ಕೆರೆಗೆ ಹಾಕಲು ಬರುವುದಿಲ್ಲ. ಅಲ್ಲಿನ ಜೌಗಿನಲ್ಲಿ ನೀರಿನ ಮಟ್ಟದ ಏರಿಳಿತ ಅಡಿಗಳಲ್ಲಿ. ಇಲ್ಲಿ ಆಳೆತ್ತರದ ನೀರಿನಿಂದ ಬಟಾಬಯಲಿನವರೆಗೆ. 2022ರ ಮಳೆಗಾಲದಲ್ಲಿ ಜಿಲ್ಲೆಯ ಬಹಳಷ್ಟು ಕೆರೆಗಳು ಕೋಡಿ ಬಿದ್ದವು. ಮರುವರ್ಷವೇ ರಾಜ್ಯ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಒಂದೇ ಕೆರೆ, ಅದೇ ಮರ, ಅದೇ ಮಣ್ಣು, ಎರಡು ವರ್ಷದಲ್ಲಿ ಎರಡು ಬೇರೆ ಲೆಕ್ಕ. ಸರಾಸರಿ ವರ್ಷ ಎಂಬುದೊಂದು ಈ ಸೀಮೆಯಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಇಲ್ಲಿಗೆ ಬೇಕಾದ ಮಾದರಿ ತುಂಬಿದ ವರ್ಷವನ್ನೂ ಬತ್ತಿದ ವರ್ಷವನ್ನೂ ಬೇರೆಬೇರೆಯಾಗಿ ನಡೆಸಿ ನೋಡಬೇಕು, ಬತ್ತಿದ ನೆಲ ಮತ್ತೆ ನೆನೆಯುವ ಆ ಮೊದಲ ವಾರಗಳನ್ನು ದಿನದಿನವೂ ಹಿಡಿಯಬೇಕು.

ಸಂಖ್ಯೆಗಳಿಗೆ ಬರೋಣ. ಅಂತರಸರ್ಕಾರಿ ಹವಾಮಾನ ಸಮಿತಿ, ಅಂದರೆ ಐಪಿಸಿಸಿ, 2019ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಎಂಟು ಹೆಕ್ಟೇರಿಗಿಂತ ಚಿಕ್ಕದಾದ ಕಟ್ಟೆ, ಕುಂಟೆಗಳಿಗೆ ಹೆಕ್ಟೇರಿಗೆ ವರ್ಷಕ್ಕೆ 183 ಕಿಲೋ ಮೀಥೇನ್ ಎಂಬ ಸಾಮಾನ್ಯ ಅಂಕಿ ಕೊಟ್ಟಿದೆ. ಸ್ಥಳೀಯ ಅಳತೆ ಇಲ್ಲದ ಕಡೆ ಬಳಸಲು ಇರುವ ಅಂಕಿ ಅದು. 27ರಿಂದ ಗುಣಿಸಿದರೆ ಸುಮಾರು 4.9 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಈಗ ಒಂದು ಸಣ್ಣ ಕಟ್ಟೆಯಂಗಳದ ಜಾಲಿ ಹೆಕ್ಟೇರಿಗೆ ವರ್ಷಕ್ಕೆ ಎರಡು ಟನ್ ಇಂಗಾಲವನ್ನು ಮರದಲ್ಲಿ ಸೇರಿಸುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಅದು 7.3 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಕಟ್ಟೆ ವರ್ಷವಿಡೀ ತುಂಬಿದ್ದರೆ ಮರ ಉಳಿಸಿದ್ದರಲ್ಲಿ ಮೂರನೇ ಎರಡು ಪಾಲನ್ನು ಮೀಥೇನ್ ತಿಂದುಹಾಕುತ್ತದೆ. ನಾಲ್ಕು ತಿಂಗಳು ಮಾತ್ರ ನೀರಿದ್ದು, ಮೀಥೇನ್ ಅದೇ ಪ್ರಮಾಣದಲ್ಲಿ ತಗ್ಗಿದರೆ ಕಳೆಯಬೇಕಾದದ್ದು 1.65 ಟನ್ ಅಷ್ಟೆ, ಮರದ ಉಳಿತಾಯ ಬಹುಪಾಲು ಉಳಿಯುತ್ತದೆ. ಇಪ್ಪತ್ತು ವರ್ಷದ ಅವಧಿಗೆ, 80ರ ಗುಣಕದಲ್ಲಿ ನೋಡಿದರೆ ತುಂಬಿದ ಕಟ್ಟೆಯ ಮೀಥೇನ್ 14.6 ಟನ್ನಿಗೆ ಸಮನಾಗಿ ಮರದ ಲಾಭವನ್ನೇ ಮುಳುಗಿಸುತ್ತದೆ. ಮರದ ಸಂಖ್ಯೆ ಮೂರು ಲೆಕ್ಕದಲ್ಲೂ ಒಂದೇ. ಬದಲಾದದ್ದು ನೀರು ನಿಂತ ದಿನ ಮತ್ತು ನಾವು ಆರಿಸಿದ ಕಾಲಾವಧಿ.

ದಕ್ಷಿಣ ಭಾರತದ ಅಳತೆಗಳು ಈ ಕಳವಳವನ್ನು ಗಟ್ಟಿ ಮಾಡುತ್ತವೆ. ಸೆಲ್ವಂ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ ದಕ್ಷಿಣದ 45 ಜಲಮೂಲಗಳಲ್ಲಿ ಅಳತೆ ಮಾಡಿ, ಭಾರತದ ಒಳನಾಡ ನೀರುಗಳು ವರ್ಷಕ್ಕೆ ಸುಮಾರು 21 ಲಕ್ಷ ಟನ್ ಮೀಥೇನ್ ಬಿಡುತ್ತವೆ ಎಂದು ಅಂದಾಜಿಸಿತು. ನಮ್ಮ ನೆಲ ಹಾಗೂ ಕಾಡು ಹೀರುವ ಇಂಗಾಲದ ಲೆಕ್ಕದಲ್ಲಿ ಶೇ 42ರಷ್ಟನ್ನು ಈ ನೀರುಗಳ ಅನಿಲಗಳು ಸರಿದೂಗಿಸಿಬಿಡುತ್ತವೆ ಎಂಬುದು ಅವರ ತೀರ್ಮಾನ. ಮೀಥೇನಿನ ದೊಡ್ಡ ಪಾಲು ಕೆಸರಿನಿಂದ ಗುಳ್ಳೆಯಾಗಿ ಏಳುತ್ತದೆ. ಆಳವಿಲ್ಲದ, ಬಿಸಿಯಾದ ನೀರಿನಲ್ಲಿ ಗುಳ್ಳೆ ಹೆಚ್ಚು, ನಮ್ಮ ಕೆರೆಗಳೆಲ್ಲ ಅಂಥವೇ. ಮರದ ಕಾಂಡವೂ ಒಂದು ದಾರಿ. ಸುನೀತಾ ಪಂಗಾಲ ಮತ್ತು ಸಂಗಡಿಗರು 2017ರಲ್ಲಿ ಅಮೆಜಾನಿನ ನೆರೆ ಬಯಲಿನ ಮರಗಳು ತೊಗಟೆಯ ಮೂಲಕ ಭಾರೀ ಪ್ರಮಾಣದ ಮೀಥೇನ್ ಬಿಡುತ್ತವೆ ಎಂದು ತೋರಿಸಿದರು. ನೀರಿನಲ್ಲಿ ನಿಂತ ಕರಿಜಾಲಿಯ ಕಾಂಡ ಬಿಡುವ ಮೀಥೇನನ್ನೂ ಅಳೆಯಲೇಬೇಕು. ಅದಿಲ್ಲದೆ ನಮ್ಮ ಕೆರೆಯಂಗಳದ ಯಾವ ಮಾದರಿಯೂ ಪೂರ್ಣವಾಗದು.

ಹಾಗೆಂದು ಒಣಗಿದ ಕೆರೆ ನಿರಪಾಯಕಾರಿ ಎಂದುಕೊಳ್ಳುವಂತಿಲ್ಲ. ಬತ್ತಿದ ಕೆರೆ, ಹೊಳೆಗಳ ಬಯಲಾದ ಕೆಸರು ಇಂಗಾಲದ ಡೈಆಕ್ಸೈಡ್ ಬಿಡುವುದನ್ನು 2020ರಲ್ಲಿ ಪ್ರಕಟವಾದ ಒಂದು ಜಾಗತಿಕ ಅಧ್ಯಯನ ಹಲವು ದೇಶಗಳಲ್ಲಿ ಅಳೆದು ದೃಢಪಡಿಸಿದೆ. ಒಣಗಿದ ಮಣ್ಣಿನ ಮೇಲೆ ಮೊದಲ ಮಳೆ ಬಿದ್ದಾಗ ಇನ್ನೊಂದು ಅನಿಲದ ಸರದಿ: ನೈಟ್ರಸ್ ಆಕ್ಸೈಡ್, ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಪ್ರಬಲ. ಸಾರಜನಕ ತುಂಬಿದ ಜಾಲಿ ಎಲೆ, ಮೇಯಲು ಬಂದ ಕುರಿಮೇಕೆ, ಎಮ್ಮೆಗಳ ಸಗಣಿ, ಮೇಲಿನ ಹೊಲದಿಂದ ಹರಿದ ಯೂರಿಯಾ, ಪಟ್ಟಣದ ಪಕ್ಕದ ಕೆರೆಯಾದರೆ ಚರಂಡಿ ನೀರು, ಇವೆಲ್ಲ ಅದಕ್ಕೆ ಮೇವು. ಚರಂಡಿ ನೀರು ಮೀಥೇನನ್ನೂ ಹೆಚ್ಚಿಸುತ್ತದೆ. ಅನಿಲ ತಗ್ಗಿಸುವ ಅತಿ ಸುಲಭದ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ, ಮಾದರಿಯ ಫಲಿತಾಂಶಕ್ಕೆ ಕಾಯದೆ ಪಟ್ಟಣಗಳ ಕೊಳಚೆಯನ್ನು ಕೆರೆಗೆ ಬಿಡುವುದನ್ನು ಮೊದಲು ನಿಲ್ಲಿಸಿ ಎಂದೇ ಹೇಳಬೇಕು.

ಕೆರೆಯಂಗಳದ ನಿರ್ವಹಣೆ ಎಂದರೆ ನೀರು ಬಿಡುವುದು ಮಾತ್ರವಲ್ಲ. ಹೂಳೆತ್ತಿ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುವುದು ಈ ಸೀಮೆಯ ಹಳೆಯ ರೂಢಿ. ನಮ್ಮ ಕೆಂಪು ಮರಳುಮಿಶ್ರಿತ ಹೊಲಗಳಲ್ಲಿ ಸಾವಯವ ಇಂಗಾಲ ಬಹಳ ಕಡಿಮೆ. ಗೋಡಿನಲ್ಲಿ ಜೇಡಿಯೂ ಇಂಗಾಲವೂ ಹೆಚ್ಚು. ಹೊಲಕ್ಕೆ ಬಂದ ಆ ಇಂಗಾಲದಲ್ಲಿ ಒಂದು ಭಾಗ ಗಾಳಿ ತಾಗಿ ಬೇಗ ಕರಗಿಹೋದರೂ, ಜೇಡಿಗೆ ಅಂಟಿಕೊಂಡ ಭಾಗ ವರ್ಷಗಟ್ಟಲೆ ಉಳಿದು ತೇವ ಹಿಡಿಯುತ್ತದೆ. ಅತ್ತ ಕೆರೆಯಲ್ಲಿ ಮೀಥೇನಿಗೆ ಆಹಾರವಾಗಬೇಕಿದ್ದ ಕೆಸರೂ ಕಡಿಮೆಯಾಗುತ್ತದೆ. ವಿಶ್ವಬ್ಯಾಂಕ್ ನೆರವಿನಿಂದ 2002ರಲ್ಲಿ ಶುರುವಾದ ಸಮುದಾಯ ಆಧಾರಿತ ಕೆರೆ ಯೋಜನೆಯ ಕಾಲದಿಂದ ಇವತ್ತಿನ ಉದ್ಯೋಗ ಖಾತರಿಯವರೆಗೆ ಹೂಳೆತ್ತಲು ಹಣ ಹರಿದಿದೆ, ಎತ್ತಿದ ಹೂಳಿನ ಇಂಗಾಲವನ್ನು ಅಳೆಯುವ ಕೆಲಸ ಮಾತ್ರ ಯೋಜನೆಯ ಭಾಗವಾಗಲಿಲ್ಲ. ಟ್ರ್ಯಾಕ್ಟರ್ ಲೋಡಿಗೊಂದು ಮಣ್ಣಿನ ಮಾದರಿ ತೆಗೆಯುವುದು ದುಬಾರಿಯ ಕೆಲಸವೇನಲ್ಲ.

ಜಾಲಿ ಕಟಾವಿನ ವಿಷಯ ಬೇರೆ. ಹರಾಜಾದ ಮರ ಮನೆಯ ತೊಲೆಯಾದರೆ, ಪೀಠೋಪಕರಣವಾದರೆ ಇಂಗಾಲ ದಶಕಗಳ ಕಾಲ ಬಂಧಿ. ಸೌದೆಯಾದರೆ ಅದೇ ವರ್ಷ ಗಾಳಿಗೆ. ಬಳ್ಳಾರಿ ಜಾಲಿಯನ್ನು ಗುಂಡಿಯಲ್ಲಿ ಮುಚ್ಚಿ ಇದ್ದಿಲು ಮಾಡುವಾಗ ಅರೆಬರೆ ಉರಿಯುವ ಹೊಗೆಯಲ್ಲಿ ಮೀಥೇನೂ ಸೇರಿರುತ್ತದೆ. ತುಮಕೂರು ಜಿಲ್ಲೆಗೆ ಇನ್ನೊಂದು ದಾರಿಯ ಅನುಭವವಿದೆ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಹಾಗೂ ಜಾಗತಿಕ ಪರಿಸರ ನಿಧಿಯ ನೆರವಿನಿಂದ ಈ ಶತಮಾನದ ಮೊದಲ ದಶಕದಲ್ಲಿ ನಡೆದ ‘ಬೆರಿ’ ಯೋಜನೆ ಹಳ್ಳಿಯ ಸುತ್ತ ನೆಡುತೋಪು ಬೆಳೆಸಿ, ಕಟ್ಟಿಗೆಯಿಂದ ಅನಿಲ ತೆಗೆದು, ಕಬ್ಬಿಗೆರೆಯಂಥ ಕಡೆ ವಿದ್ಯುತ್ ಉತ್ಪಾದಿಸಿತು. ಕಟ್ಟಿಗೆ ಸದಾ ಪೂರೈಸುವುದು, ಯಂತ್ರ ಸದಾ ನಡೆಸುವುದು ಸುಲಭವಾಗಲಿಲ್ಲ. ಆದರೂ ನೆಡುತೋಪು, ಉರುವಲು, ವಿದ್ಯುತ್ತನ್ನು ಒಂದೇ ಇಂಗಾಲದ ಲೆಕ್ಕದಲ್ಲಿ ತರಲು ನಮ್ಮ ಜಿಲ್ಲೆಯಲ್ಲಿ ನಡೆದ ಗಂಭೀರ ಪ್ರಯತ್ನ ಅದು. ಅದರ ಪಾಠಗಳನ್ನು ಮರೆಯಬಾರದು.

ತಲಪರಿಗೆಯ ಲೆಕ್ಕವನ್ನು ವಿದ್ಯುತ್ತಿನ ಕಡೆಯಿಂದಲೂ ಹಾಕಬೇಕು. ಐದು ಎಚ್‌ಪಿ ಮೋಟಾರು ದಿನಕ್ಕೆ ಆರು ಗಂಟೆ ಓಡಿದರೆ ಸುಮಾರು 22 ಯೂನಿಟ್. ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ಟಿನ ಹಿಂದೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಇದೆ. ವರ್ಷಕ್ಕೆ 200 ದಿನ ಓಡುವ ಒಂದು ಮೋಟಾರಿನ ಪಾಲು ಮೂರು ಟನ್ ದಾಟುತ್ತದೆ. ತಾನಾಗಿ ಹರಿಯುವ ತಲಪರಿಗೆ ಒಂದು ಮೋಟಾರಿನ ಕೆಲಸ ಮಾಡಿದರೂ, ಗುಂಟೆಗಳ ಲೆಕ್ಕದ ಅದರ ತೇವದ ನೆಲ ಬಿಡುವ ಮೀಥೇನಿಗಿಂತ ಉಳಿತಾಯ ಹೆಚ್ಚು. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ ಬರುತ್ತಿದೆ ನಿಜ, ಹಗಲಿನ ಮೋಟಾರು ಅದರಿಂದ ಶುದ್ಧವಾಗಬಹುದು. ಆದರೆ ಕೊಳವೆಬಾವಿ ಅಂತರ್ಜಲವನ್ನು ಕೆಳಕ್ಕೆ ಎಳೆದಷ್ಟೂ ಒರತೆ ಸಾಯುತ್ತದೆ, ಸೌರ ಮೋಟಾರು ಅದಕ್ಕೆ ಪರಿಹಾರವಲ್ಲ. ಜಯಮಂಗಲಿ, ಸುವರ್ಣಮುಖಿ, ಉತ್ತರ ಪಿನಾಕಿನಿಯ ಪಾತ್ರಗಳಿಂದ ಮರಳು ಎತ್ತಿದ್ದು ಈ ಸೀಮೆಗೆ ಬಿದ್ದ ಇನ್ನೊಂದು ದೊಡ್ಡ ಪೆಟ್ಟು. ಒರತೆಗೆ ನೀರು ಹಿಡಿದಿಡುತ್ತಿದ್ದ ಪದರವೇ ಲಾರಿ ಹತ್ತಿತು. ಮರಳು ಹೋದ ಕಡೆ ತಲಪರಿಗೆಯನ್ನು ಎಷ್ಟು ಚೊಕ್ಕಟ ಮಾಡಿದರೂ ನೀರು ಬರುವುದಿಲ್ಲ. ತಲಪರಿಗೆ ಉಳಿಯಬೇಕಾದದ್ದು ಮೊದಲು ನೀರಿಗಾಗಿ. ಇಂಗಾಲದ ಲಾಭ ಅದರ ಹಿಂದೆ ಬರುವಂಥದ್ದು, ಅದನ್ನೇ ಮುಂದಿಟ್ಟು ಯೋಜನೆ ಮಾಡಿದರೆ ದಾರಿ ತಪ್ಪುತ್ತದೆ.

ಈ ಎಲ್ಲ ಲೆಕ್ಕ ಈಗಲೇ ಬೇಕಾಗಿರುವುದಕ್ಕೆ ಕಾರಣ ಹೊರಗಿನಿಂದ ಬರುತ್ತಿರುವ ನೀರು. ಕಳ್ಳಂಬೆಳ್ಳ, ಶಿರಾ ಕೆರೆಗಳಿಗೆ ಹೇಮಾವತಿ ಬಂದಿದೆ. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ಉದ್ಘಾಟನೆಯಾದ ಎತ್ತಿನಹೊಳೆ ಯೋಜನೆ 24.01 ಟಿಎಂಸಿ ನೀರನ್ನು ಪೂರ್ವದ ಬಯಲುಸೀಮೆಗೆ ತರುವ ಮಾತಾಡುತ್ತಿದೆ, ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲು ಜಲಾಶಯದ ಪ್ರಸ್ತಾಪ ಅದರ ಭಾಗವಾಗಿ ಬಂದದ್ದು. ಈ ಜನಕ್ಕೆ ನೀರು ಬರಲೇಬೇಕು, ಮೀಥೇನಿನ ಹೆಸರು ಹೇಳಿ ಅದನ್ನು ತಡೆಯುವುದು ಅನ್ಯಾಯ. ಆದರೆ ವರ್ಷಕ್ಕೆ ನಾಲ್ಕು ತಿಂಗಳು ಮುಳುಗುತ್ತಿದ್ದ ಜಾಲಿ ತೋಪು ಹನ್ನೆರಡು ತಿಂಗಳು ಮುಳುಗಿದರೆ ಮರ ಸಾಯುತ್ತದೆ, ಸತ್ತ ಮರ ಕೆಸರಿನಲ್ಲಿ ಕೊಳೆಯುತ್ತದೆ, ಕಬ್ಬಿಣದ ತಡೆ ಖರ್ಚಾಗುತ್ತದೆ. ನೀರು ತುಂಬಿಸುವ ಮುನ್ನ ಅಂಗಳದ ತಗ್ಗಿನ ಮರಗಳನ್ನು ಕಟಾವು ಮಾಡಬೇಕೇ, ವರ್ಷದಲ್ಲಿ ಕೆಲವು ವಾರ ಕೆರೆಯನ್ನು ಬೇಕೆಂದೇ ಇಳಿಸಿ ಮಣ್ಣಿಗೆ ಗಾಳಿ ತಾಗಿಸಬೇಕೇ ಎಂಬ ಪ್ರಶ್ನೆಗಳಿಗೆ ಮಾದರಿಗಳು ಮುಂಚಿತವಾಗಿ ಉತ್ತರ ಕೊಡಬಲ್ಲವು. ಕಗ್ಗಲಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟಿ ಶಿರಾ ಸುತ್ತಿನ ಕೆರೆಗಳ ತೆಳುನೀರಿನಲ್ಲಿ ಮೀನು ಹಿಡಿಯುವ ಬಣ್ಣದ ಕೊಕ್ಕರೆಗಳಿಗೂ ಆ ಏರಿಳಿತ ಬೇಕು.

ಕಾನೂನಿನಲ್ಲಿ ಒಂದು ತೂತಿದೆ. ಕೇಂದ್ರದ 2017ರ ಜೌಗು ಪ್ರದೇಶ ಸಂರಕ್ಷಣಾ ನಿಯಮಗಳು ನೀರಾವರಿಗೆ, ಕುಡಿಯುವ ನೀರಿಗೆ ಮನುಷ್ಯರು ಕಟ್ಟಿದ ಜಲಮೂಲಗಳನ್ನು ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ಹಾಗಾಗಿ ನಮ್ಮ ಕೆರೆಗಳು ಐಪಿಸಿಸಿಯ ಅನಿಲ ಲೆಕ್ಕದ ಮಾರ್ಗಸೂಚಿಗೆ ಸೇರುತ್ತವೆ, ದೇಶದ ಜೌಗು ಕಾನೂನಿಗೆ ಸೇರುವುದಿಲ್ಲ. ಇದರ ಜೊತೆಗೆ 2023ರಲ್ಲಿ ಕೇಂದ್ರ ಸರ್ಕಾರ ಇಂಗಾಲ ಕ್ರೆಡಿಟ್ ವ್ಯಾಪಾರದ ಯೋಜನೆಯನ್ನೂ ಹಸಿರು ಕ್ರೆಡಿಟ್ ಕಾರ್ಯಕ್ರಮವನ್ನೂ ಪ್ರಕಟಿಸಿದೆ. ಕೆರೆಯಂಗಳದ ಮರ ತೋರಿಸಿ ಕ್ರೆಡಿಟ್ ಕೊಡಿಸುತ್ತೇವೆ ಎಂದು ಪಂಚಾಯಿತಿ ಬಾಗಿಲಿಗೆ ಬರುವವರು ಬಂದೇ ಬರುತ್ತಾರೆ. ಮೀಥೇನ್ ಕಳೆಯದ, ಎರಡು ಬೇರೆ ಬಗೆಯ ಮಳೆಗಾಲಗಳನ್ನಾದರೂ ಅಳೆಯದ ಯಾವ ಲೆಕ್ಕಕ್ಕೂ ಪಂಚಾಯಿತಿ ಸಹಿ ಹಾಕಬಾರದು.

ಅಳತೆಯ ಕೆಲಸ ಅಷ್ಟು ದೂರದ್ದೇನಲ್ಲ. ತಾಲ್ಲೂಕಿಗೊಂದು ಕೆರೆ, ಒಂದು ತಲಪರಿಗೆ ಆರಿಸಿ, ತೂಬಿನ ಕಂಬಕ್ಕೆ ಅಳತೆಪಟ್ಟಿ ಹೊಡೆದು, ಅಂಗಳದಲ್ಲಿ ನಾಲ್ಕಾರು ರಂಧ್ರದ ಕೊಳವೆ ಇಳಿಸಿ ನೀರಿನ ಮಟ್ಟವನ್ನು ವಾರವಾರ ಬರೆದಿಡುವುದನ್ನು ನೀರುಗಂಟಿಯ ಮನೆತನದವರಿಗೆ ಸಂಬಳ ಕೊಟ್ಟು ಒಪ್ಪಿಸಬಹುದು. ಮುಚ್ಚಿದ ಡಬ್ಬಿಯಿಂದ ಸಿರಿಂಜಿನಲ್ಲಿ ಅನಿಲ ತೆಗೆಯುವುದನ್ನು, ತಲೆಕೆಳಗಾದ ಆಲಿಕೆಯಲ್ಲಿ ಗುಳ್ಳೆ ಹಿಡಿಯುವುದನ್ನು ಮಧುಗಿರಿ, ಶಿರಾದ ಕಾಲೇಜು ಹುಡುಗ ಹುಡುಗಿಯರು ಕಲಿಯಬಲ್ಲರು. ಪರೀಕ್ಷೆಗೆ ಬೇಕಾದ ಯಂತ್ರಗಳು ಬೆಂಗಳೂರಿನ ಪ್ರಯೋಗಾಲಯಗಳಲ್ಲಿವೆ. ಹೊರನೀರು ತುಂಬಿದ ಮೇಲೆ ಹಳೆಯ ಏರಿಳಿತದ ಅಂಕಿಗಳು ಮತ್ತೆ ಸಿಗುವುದಿಲ್ಲ. ಆದ್ದರಿಂದ ಈ ನೋಂದಣಿ ಬರುವ ಮುಂಗಾರಿಗೇ ಶುರುವಾಗಬೇಕು, ಕಾಲುವೆಯ ಗುತ್ತಿಗೆಯ ಹಣದಲ್ಲೇ ಅದಕ್ಕೊಂದು ಪಾಲು ಇಡಬೇಕು.